ಅಣ್ಣಾದುರೈ: ಮತದಾರನಿಗೆ ಕೊಟ್ಟ ಮಾತಿನ ಭಾರ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಅಣ್ಣಾ ಎಂಬ ಹೆಸರು ದಿನನಿತ್ಯದ್ದು. ಅಣ್ಣಾ ಸಾಲೈಯಲ್ಲಿ ಬಸ್ಸು ಹತ್ತುತ್ತೇವೆ, ಅಣ್ಣಾ ನಗರದಲ್ಲಿ ಮನೆ ಮಾಡುತ್ತೇವೆ, ಮಕ್ಕಳನ್ನು ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿಸಲು ಹಂಬಲಿಸುತ್ತೇವೆ. ಆದರೆ ಆ ಹೆಸರಿನ ಹಿಂದಿರುವ ಬದುಕನ್ನು ಅರಿತವರು ನಮ್ಮಲ್ಲಿ ವಿರಳ. ಒಂದು ಪಕ್ಷವನ್ನು ಕಟ್ಟಿ, ಅದು ಮತದಾರನೊಡನೆ ಮಾತನಾಡುವ ಬಗೆಯನ್ನು ರೂಪಿಸಿ, ಆಡಿದ ಮಾತಿನ ಬೆಲೆಯನ್ನೂ ತೆತ್ತ ಈ ನಾಯಕನನ್ನು ಇಲ್ಲಿ ಸಂಕ್ಷಿಪ್ತವಾಗಿ ಸ್ಮರಿಸೋಣ.

ಕಾಂಜೀವರಂ ನಟರಾಜನ್ ಅಣ್ಣಾದುರೈ 1909ರ ಸೆಪ್ಟೆಂಬರ್ 15ರಂದು ಕಾಂಚೀಪುರದ ಸಾಧಾರಣ ನೇಕಾರ ಕುಟುಂಬದಲ್ಲಿ ಜನಿಸಿದರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಪಡೆದು ಪತ್ರಿಕೋದ್ಯಮವನ್ನೂ ಸಾರ್ವಜನಿಕ ಜೀವನವನ್ನೂ ಪ್ರವೇಶಿಸಿದರು. ಅವರಿಗೆ ರಾಜಕೀಯ ಗುರುವಾಗಿ ದೊರೆತವರು ಈರೋಡಿನ ಇ. ವಿ. ರಾಮಸ್ವಾಮಿ, ಅಂದರೆ ಪೆರಿಯಾರ್. ತಮಿಳು ನೆಲದ ಈ ಮಹಾ ಚಳವಳಿಗಾರರ ಮನೆಮಾತು ಕನ್ನಡವಾಗಿತ್ತೆಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾದೀತು. 1944ರಲ್ಲಿ ಸೇಲಂ ಸಮ್ಮೇಳನದಲ್ಲಿ ಜಸ್ಟಿಸ್ ಪಕ್ಷವು ದ್ರಾವಿಡರ್ ಕಳಗಂ ಎಂಬ ಹೊಸ ಹೆಸರು ಪಡೆದಾಗ ಆ ನಿರ್ಣಯದ ಹಿಂದೆ ಇದ್ದವರು ಅಣ್ಣಾದುರೈ.

ಗುರುಶಿಷ್ಯರ ನಡುವೆ ಭಿನ್ನಾಭಿಪ್ರಾಯಗಳೂ ಬೆಳೆದವು. 1947ರ ಆಗಸ್ಟ್ 15ನ್ನು ಶೋಕದ ದಿನವೆಂದು ಪೆರಿಯಾರ್ ಸಾರಿದರು. ಅಣ್ಣಾ ಅದನ್ನು ಒಪ್ಪಲಿಲ್ಲ. 1949ರಲ್ಲಿ ವೃದ್ಧ ಪೆರಿಯಾರರು ತಮಗಿಂತ ಬಹಳ ಕಿರಿಯರಾದ ಮಣಿಯಮ್ಮೆಯವರನ್ನು ವರಿಸಿದಾಗ ಬಿರುಕು ಪೂರ್ಣವಾಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ದ್ರಾವಿಡ ಮುನ್ನೇತ್ರ ಕಳಗಂ ಸ್ಥಾಪನೆಯಾಯಿತು. ಹೊಸ ಪಕ್ಷದ ಅಧ್ಯಕ್ಷ ಪೀಠವನ್ನು ಅಣ್ಣಾ ತಾವು ಏರಲಿಲ್ಲ. ಅದನ್ನು ಗುರುವಿಗಾಗಿ ಬರಿದಾಗಿಯೇ ಇರಿಸಿ, ಪ್ರಧಾನ ಕಾರ್ಯದರ್ಶಿಯಾಗಿ ಪಕ್ಷವನ್ನು ನಡೆಸಿದರು.

ಈ ಪಕ್ಷದ ಬಳಿ ಹಣವಿರಲಿಲ್ಲ, ಮಾತು ಇತ್ತು. ಅಣ್ಣಾ ಪತ್ರಿಕೆ ನಡೆಸಿದರು, ನಾಟಕ ಬರೆದರು, ವೇಲೈಕ್ಕಾರಿಯಂತಹ ಚಲನಚಿತ್ರಗಳಿಗೆ ಕಥೆ ಸಂಭಾಷಣೆ ಒದಗಿಸಿದರು. ಊರೂರಿನ ವಾಚನಾಲಯಗಳಲ್ಲಿ ಅವರ ಬರಹವನ್ನು ಒಬ್ಬರು ಓದಿದರೆ ಹತ್ತು ಮಂದಿ ಕೇಳುತ್ತಿದ್ದರು. ಕಾರ್ಯಕರ್ತರಿಗೆ ಬರೆಯುವಾಗ ಅವರನ್ನು ತಮ್ಮನೆಂದೇ ಸಂಬೋಧಿಸುತ್ತಿದ್ದರು. ಆ ಒಂದು ಸಂಬೋಧನೆಯಿಂದ ಪಕ್ಷವು ಕುಟುಂಬವಾಯಿತು, ಅಣ್ಣಾದುರೈ ಅಣ್ಣನಾದರು. 1957ರ ಮೊದಲ ಚುನಾವಣೆಯಲ್ಲಿ 15 ಶಾಸಕರನ್ನು ಪಡೆದ ಪಕ್ಷವು 1962ರಲ್ಲಿ 50 ಸ್ಥಾನಗಳಿಗೆ ಏರಿತು. ವಿಪರ್ಯಾಸವೆಂದರೆ ಆ ಸಲ ಅಣ್ಣಾ ತಾವೇ ಕಾಂಚೀಪುರದಲ್ಲಿ ಸೋತು ರಾಜ್ಯಸಭೆಗೆ ತೆರಳಿದರು.

ಮಾತಿನ ನಿಜವಾದ ಪರೀಕ್ಷೆ ಆಮೇಲೆ ಬಂದಿತು. ಪ್ರತ್ಯೇಕ ದ್ರಾವಿಡನಾಡು ಪಕ್ಷದ ಮೂಲಘೋಷಣೆಯಾಗಿತ್ತು. 1962ರಲ್ಲಿ ಚೀನಾ ಆಕ್ರಮಣ ನಡೆದಾಗ ಅಣ್ಣಾ ಆ ಪ್ರಚಾರವನ್ನು ನಿಲ್ಲಿಸಿ ದೇಶದ ರಕ್ಷಣೆಗೆ ಬೆಂಬಲ ನೀಡಿದರು. 1963ರಲ್ಲಿ ಸಂವಿಧಾನದ 16ನೆಯ ತಿದ್ದುಪಡಿಯು ಅಭ್ಯರ್ಥಿಗಳು ದೇಶದ ಅಖಂಡತೆಗೆ ಪ್ರಮಾಣ ಮಾಡಬೇಕೆಂದು ವಿಧಿಸಿದಾಗ ಪಕ್ಷವು ಪ್ರತ್ಯೇಕತೆಯ ಬೇಡಿಕೆಯನ್ನೇ ಕೈಬಿಟ್ಟಿತು. ಸಾವಿರಾರು ವೇದಿಕೆಗಳಲ್ಲಿ ಸಾರಿದ್ದನ್ನು ಹಿಂತೆಗೆದುಕೊಂಡು ಅನುಯಾಯಿಗಳೆದುರು ನಿಲ್ಲುವುದು ಸುಲಭವಲ್ಲ. ಕೆಲವರು ಅದನ್ನು ಶರಣಾಗತಿ ಎಂದರು. ರಾಜ್ಯಗಳಿಗೆ ಹೆಚ್ಚು ಅಧಿಕಾರ ಎಂಬ ಗುರಿಯತ್ತ ಪಕ್ಷವನ್ನು ತಿರುಗಿಸಿ, ಮತಪೆಟ್ಟಿಗೆಯ ದಾರಿಯಲ್ಲಿ ಉಳಿಸಿದ್ದು ಅವರ ವಿವೇಕವೆಂದು ನಾವು ಭಾವಿಸುತ್ತೇವೆ.

1965ರ ಹಿಂದಿ ವಿರೋಧಿ ಚಳವಳಿ ಮತ್ತು ಆಹಾರದ ಅಭಾವ, ಇವೆರಡರ ನಡುವೆ 1967ರ ಚುನಾವಣೆ ಬಂದಿತು. ರೂಪಾಯಿಗೆ ಮೂರು ಪಡಿ ಅಕ್ಕಿ ತಮ್ಮ ಗುರಿ, ಒಂದು ಪಡಿ ಖಚಿತ ಎಂಬುದು ಪಕ್ಷದ ಆಶ್ವಾಸನೆ. ಪಡಿ ಎಂದರೆ ನಮ್ಮ ಸೇರಿನಂತಹ ಒಂದು ಅಳತೆ. ಹಸಿದ ಮನೆಗಳಿಗೆ ಈ ಮಾತು ನೇರವಾಗಿ ತಲುಪಿತು. ಕಾಂಗ್ರೆಸ್ ಪರಾಭವಗೊಂಡಿತು, ಸ್ವತಃ ಕಾಮರಾಜರು ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ನಾಯಕನೆದುರು ಸೋತರು. ಗೆದ್ದ ಅಣ್ಣಾ ಮೊದಲು ಹೋದದ್ದು ತಿರುಚ್ಚಿಗೆ, ಆ ಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಬೆಂಬಲಿಸಿದ್ದ ಪೆರಿಯಾರರ ಬಳಿಗೆ. ಹದಿನೆಂಟು ವರ್ಷಗಳ ಮುನಿಸು ಅಲ್ಲಿ ಕರಗಿತು.

ಅಧಿಕಾರಕ್ಕೆ ಬಂದ ಮೇಲೆ ಅಕ್ಕಿಯ ಲೆಕ್ಕ ಎದುರಿಗೆ ನಿಂತಿತು. ರೂಪಾಯಿಗೆ ಒಂದು ಪಡಿಯ ಯೋಜನೆಯು ಮದರಾಸು ಮತ್ತು ಕೊಯಮತ್ತೂರು ನಗರಗಳಲ್ಲಿ ಮಾತ್ರ ಆರಂಭವಾಯಿತು. ಖಜಾನೆಯ ಬಲ ಅದಕ್ಕಿಂತ ಮುಂದೆ ಸಾಲಲಿಲ್ಲ. ಗುರಿ ಬೇರೆ, ಖಚಿತ ಬೇರೆ ಎಂದು ಮೊದಲೇ ಬಿಡಿಸಿ ಹೇಳಿದ್ದರೂ ಜನಮನದಲ್ಲಿ ಉಳಿದದ್ದು ಮೂರು ಪಡಿಯೇ. ಘೋಷಣೆ ಎಷ್ಟು ಚಿಕ್ಕದೋ ಅದರ ಸಾಲ ಅಷ್ಟು ದೊಡ್ಡದು ಎಂಬುದನ್ನು ಈ ಪ್ರಸಂಗ ಕಲಿಸುತ್ತದೆ. ಆದರೆ ಬೇರೆ ಮಾತುಗಳು ಈಡೇರಿದವು. ಸ್ವಾಭಿಮಾನ ವಿವಾಹಗಳಿಗೆ ಕಾನೂನಿನ ಮಾನ್ಯತೆ ದೊರೆಯಿತು. 1968ರಲ್ಲಿ ದ್ವಿಭಾಷಾ ನೀತಿ ಜಾರಿಗೆ ಬಂದಿತು. 1969ರ ಜನವರಿ 14ರಂದು ರಾಜ್ಯವು ತಮಿಳುನಾಡು ಎಂಬ ಹೆಸರು ಪಡೆಯಿತು.

ಅಷ್ಟರಲ್ಲಿ ಅರ್ಬುದ ರೋಗವು ಅವರನ್ನು ಆವರಿಸಿತ್ತು. 1968ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆ ನಡೆದರೂ ಫಲಿಸಲಿಲ್ಲ. 1969ರ ಫೆಬ್ರವರಿ 3ರಂದು, ಮುಖ್ಯಮಂತ್ರಿಯಾಗಿ ಎರಡು ವರ್ಷ ತುಂಬುವ ಮೊದಲೇ, ಐವತ್ತೊಂಬತ್ತರ ವಯಸ್ಸಿನಲ್ಲಿ ಅವರು ನಿಧನರಾದರು. ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಮದರಾಸಿಗೆ ಹರಿದು ಬಂದರು.

ಅಣ್ಣಾ ಅವರ ಭಾಷಾಭಿಮಾನವನ್ನು ಬೇರೆ ಮನೆಮಾತಿನವರಾದ ನಾವು ಅಭಿಮಾನದಿಂದಲೂ ತುಸು ಅಳುಕಿನಿಂದಲೂ ನೋಡುವುದು ಸಹಜ. ಆದರೂ ಪ್ರತಿ ಚುನಾವಣೆಯಲ್ಲಿ ಹೊಸ ಆಶ್ವಾಸನೆಗಳು ನಮ್ಮ ಮನೆಬಾಗಿಲಿಗೆ ಬಂದಾಗ, ಇವುಗಳಲ್ಲಿ ಗುರಿ ಯಾವುದು, ಖಚಿತ ಯಾವುದು ಎಂದು ಕೇಳುವ ಹಕ್ಕು ನಮಗೂ ಇದೆ. ಮರೀನಾ ಕಡಲತೀರದ ಅವರ ಸಮಾಧಿಗೆ ಮಕ್ಕಳನ್ನು ಕರೆದೊಯ್ದಾಗ ಆ ರೂಪಾಯಿ ಅಕ್ಕಿಯ ಕಥೆಯನ್ನೂ ಅವರಿಗೆ ಹೇಳೋಣ.