ಹಿತ್ತಲ ಶೆಡ್ಡಿನಿಂದ ವಿಶ್ವದಾಖಲೆಯವರೆಗೆ: ಜಾನ್ ಬ್ರಿಟನ್

ಮೋಟಾರ್‌ಸೈಕಲ್ ಜಗತ್ತಿನ ದೈತ್ಯ ಕಂಪನಿಗಳು ಕೋಟ್ಯಂತರ ಹಣ ಸುರಿದು ಸಾಧಿಸುತ್ತಿದ್ದುದನ್ನು ಮನೆಯ ಶೆಡ್ಡಿನಲ್ಲಿ ಕುಳಿತು ಸಾಧಿಸಿ ತೋರಿಸಿದ ಅಪರೂಪದ ವ್ಯಕ್ತಿ ಜಾನ್ ಬ್ರಿಟನ್. ಅವರ ವಿ1000 ಬೈಕುಗಳು ತಯಾರಾದದ್ದು ಕೇವಲ ಹತ್ತು. ಆದರೂ ರೇಸಿಂಗ್ ಬೈಕುಗಳ ಚರಿತ್ರೆಯಲ್ಲಿ ಅವುಗಳ ಸ್ಥಾನ ಭದ್ರವಾಗಿದೆ.

ಬ್ರಿಟನ್ ಜನಿಸಿದ್ದು 1950ರ ಆಗಸ್ಟ್ 1ರಂದು, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ. ಡಿಸ್ಲೆಕ್ಸಿಯಾ ಸಮಸ್ಯೆಯಿಂದಾಗಿ ಓದು ಬರಹ ಅವರಿಗೆ ಸುಲಭವಾಗಿರಲಿಲ್ಲ. ಅಕ್ಷರಗಳು ಒಲಿಯದಿದ್ದರೂ ಆಕಾರಗಳು ಒಲಿದವು. ರಾತ್ರಿ ಶಾಲೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತು ನಕ್ಷೆಗಾರರಾದರು. ಮುಂದೆ ಕುಲುಮೆ ಕಟ್ಟಿಕೊಂಡು ಗಾಜಿನ ಕಲಾತ್ಮಕ ದೀಪಗಳನ್ನು ಕೈಯಿಂದಲೇ ತಯಾರಿಸಿದರು, ಬಳಿಕ ಕುಟುಂಬದ ಆಸ್ತಿ ವ್ಯವಹಾರವನ್ನು ಸೇರಿದರು. ಬಿಡುವಿನ ವೇಳೆಯೆಲ್ಲ ಬೈಕಿಗೆ ಮೀಸಲಾಗಿತ್ತು.

ಇತರರ ಎಂಜಿನ್ ಬಳಸಿ ಕಟ್ಟಿದ ಮೊದಲ ಬೈಕುಗಳು ತೃಪ್ತಿ ನೀಡದಿದ್ದಾಗ, ಎಂಜಿನ್ನನ್ನೂ ತಾವೇ ನಿರ್ಮಿಸಲು ಅವರು ಮುಂದಾದರು. ಕೆಲವೇ ಮಂದಿ ಗೆಳೆಯರು ನೆರವಿಗೆ ನಿಂತರು. ಎರಕ ಹೊಯ್ದ ಎಂಜಿನ್ ಭಾಗಗಳನ್ನು ಕಾಯಿಸಿ ಹದಗೊಳಿಸಲು ಪತ್ನಿಯ ಕುಂಬಾರಿಕೆಯ ಗೂಡೇ ಸಾಕಾಯಿತು. ದೇಹದ ಆಕಾರವನ್ನು ತಂತಿ ಬಾಗಿಸಿ, ಅಂಟಿನಿಂದ ಜೋಡಿಸಿ ಕಂಡುಕೊಂಡರು.

ಬ್ರಿಟನ್ ಅವರ ಚಿಂತನೆಯ ತಿರುಳು ಸರಳ: ಪ್ರತಿಯೊಂದು ಭಾಗವೂ ಒಂದಕ್ಕಿಂತ ಹೆಚ್ಚು ಕೆಲಸ ಮಾಡಬೇಕು, ಮಾಡದಿದ್ದರೆ ಅದು ಅನಗತ್ಯ ಹೊರೆ. ಹೀಗಾಗಿ ವಿ1000ಕ್ಕೆ ಪ್ರತ್ಯೇಕ ಚೌಕಟ್ಟೇ ಇರಲಿಲ್ಲ. 60 ಡಿಗ್ರಿ ಕೋನದಲ್ಲಿ ಎರಡು ಸಿಲಿಂಡರ್‌ಗಳಿದ್ದ 999 ಸಿಸಿ ಎಂಜಿನ್ನೇ ಬೈಕಿನ ಬೆನ್ನೆಲುಬಾಯಿತು. ರೇಡಿಯೇಟರ್ ಸೀಟಿನ ಕೆಳಗೆ ಅಡಗಿದ್ದರಿಂದ ಮುಂಭಾಗ ಕಿರಿದಾಗಿ ಗಾಳಿಯ ತಡೆ ತಗ್ಗಿತು. ಹಿಂಗಾಲಿಯ ಶಾಕ್ ಅಬ್ಸಾರ್ಬರ್ ಎಂಜಿನ್ನಿನ ಮುಂದೆ ಬಂದಿತು. ಮುಂಗಾಲಿಗೆ ಎಲ್ಲರೂ ಬಳಸುವ ಟೆಲಿಸ್ಕೋಪಿಕ್ ಫೋರ್ಕನ್ನು ಕೈಬಿಟ್ಟು ಕಾರ್ಬನ್ ಫೈಬರ್ ತೋಳುಗಳನ್ನು ಅಳವಡಿಸಲಾಯಿತು. ಚಕ್ರಗಳೂ ಕಾರ್ಬನ್ ಫೈಬರಿನವೇ. ಒಟ್ಟು ತೂಕ 138 ಕಿಲೋ, ಅಂದರೆ ಸಾಮಾನ್ಯ 150 ಸಿಸಿ ಬೈಕಿನಷ್ಟು. ಶಕ್ತಿ ಮಾತ್ರ 166 ಅಶ್ವಶಕ್ತಿ.

1992ರಲ್ಲಿ ಅಮೆರಿಕದ ಡೇಟೋನಾ ರೇಸಿಗಾಗಿ ತಂಡ ಸಿದ್ಧವಾಗುತ್ತಿದ್ದಾಗ ರೇಸಿನ ಹಿಂದಿನ ರಾತ್ರಿ ಎಂಜಿನ್ನಿನ ಸಿಲಿಂಡರ್ ಭಾಗದಲ್ಲಿ ಬಿರುಕು ಕಂಡಿತು. ಬ್ರಿಟನ್ ರಾತ್ರಿಯೆಲ್ಲ ದುಡಿದು ಅದನ್ನು ಬೆಸೆದರು. ಮರುದಿನ ಸವಾರ ಆಂಡ್ರ್ಯೂ ಸ್ಟ್ರೌಡ್ ಡುಕಾಟಿ ಕಾರ್ಖಾನೆಯ ಬೈಕಿನೊಂದಿಗೆ ಸಮಬಲದ ಹೋರಾಟ ನಡೆಸಿದರು. ಗೆಲುವು ಕೈಗೆಟುಕುವಂತಿದ್ದಾಗ ವಿದ್ಯುತ್ ವ್ಯವಸ್ಥೆಯ ಚಿಕ್ಕದೊಂದು ಭಾಗ ಕೈಕೊಟ್ಟು ಬೈಕು ನಿಂತುಹೋಯಿತು. ಬೆಸೆದ ಎಂಜಿನ್ ಮಾತ್ರ ಕೈಬಿಟ್ಟಿರಲಿಲ್ಲ.

ಸೋಲು ಅವರನ್ನು ಕುಗ್ಗಿಸಲಿಲ್ಲ. 1993ರಲ್ಲಿ ವಿ1000 ತನ್ನ ವರ್ಗದಲ್ಲಿ ಹಲವು ವಿಶ್ವ ವೇಗ ದಾಖಲೆಗಳನ್ನು ಸ್ಥಾಪಿಸಿತು. ಗಂಟೆಗೆ 302 ಕಿ.ಮೀ. ಮೀರಿದ ವೇಗ ಅವುಗಳಲ್ಲಿ ಒಂದು. 1994ರಲ್ಲಿ ಡೇಟೋನಾದ ಗೆಲುವೂ ಒಲಿಯಿತು. ಆದರೆ ಅದೇ ವರ್ಷ ಐಲ್ ಆಫ್ ಮ್ಯಾನ್ ಟಿಟಿ ರೇಸಿನ ಅಭ್ಯಾಸದ ವೇಳೆ ಬ್ರಿಟನ್ ಬೈಕಿನಲ್ಲಿದ್ದ ಸವಾರ ಮಾರ್ಕ್ ಫಾರ್ಮರ್ ಅಪಘಾತದಲ್ಲಿ ಮೃತಪಟ್ಟರು. ಗೆಲುವಿನ ವರ್ಷವೇ ಶೋಕದ ವರ್ಷವೂ ಆಯಿತು.

1995ರಲ್ಲಿ ಚರ್ಮದ ಕ್ಯಾನ್ಸರ್ ಬ್ರಿಟನ್ ಅವರನ್ನು ಕಾಡಿತು. ಆ ವರ್ಷದ ಸೆಪ್ಟೆಂಬರ್ 5ರಂದು, ಇನ್ನೂ 45ರ ವಯಸ್ಸಿನಲ್ಲಿ, ಪತ್ನಿ ಮತ್ತು ಮೂವರು ಮಕ್ಕಳನ್ನು ಅಗಲಿ ಅವರು ಕೊನೆಯುಸಿರೆಳೆದರು. ಅದೇ ವರ್ಷದ ಬೇರ್ಸ್ ವಿಶ್ವ ಸರಣಿಯ ಪ್ರಶಸ್ತಿ ಅವರ ಬೈಕಿನ ಮೇಲೆ ಸ್ಟ್ರೌಡ್ ಅವರ ಪಾಲಾಯಿತು. ಎರಡನೆಯ ಸ್ಥಾನವೂ ಇನ್ನೊಂದು ಬ್ರಿಟನ್ ಬೈಕಿಗೇ ಸಂದಿತು.

1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಮೋಟಾರ್‌ಸೈಕಲ್ ಕಲೆಯ ಪ್ರದರ್ಶನ ನಡೆಸಿದಾಗ ವಿ1000ಕ್ಕೂ ಅಲ್ಲಿ ಸ್ಥಾನ ದೊರೆಯಿತು. ವೆಲ್ಲಿಂಗ್ಟನ್‌ನ ಟೆ ಪಾಪಾ ರಾಷ್ಟ್ರೀಯ ಸಂಗ್ರಹಾಲಯದಲ್ಲಿಯೂ ಒಂದು ಬೈಕಿದೆ. ಅಕ್ಷರಗಳೊಂದಿಗೆ ಜೀವನವಿಡೀ ಹೆಣಗಿದ ಮನುಷ್ಯ ಲೋಹ ಮತ್ತು ಕಾರ್ಬನ್ನಿನಲ್ಲಿ ಬರೆದಿಟ್ಟದ್ದು ಹೀಗೆ ಉಳಿದುಕೊಂಡಿದೆ.