ಕೆ. ಎನ್. ಉಡುಪ

ಡಾ. ಕಟೀಲು ನರಸಿಂಹ ಉಡುಪ (1920–1992) ಅವರು ದಕ್ಷಿಣ ಕನ್ನಡ ಮೂಲದ ಶಸ್ತ್ರಚಿಕಿತ್ಸಕರು, ಸಂಶೋಧಕರು ಹಾಗೂ ವೈದ್ಯಕೀಯ ಶಿಕ್ಷಣ ತಜ್ಞರು. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಇವರು, ಮಾನಸಿಕ ಒತ್ತಡವು ದೇಹದ ರೋಗವಾಗಿ ಪರಿಣಮಿಸುವ ಬಗೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಭಾರತೀಯ ವೈದ್ಯರಲ್ಲಿ ಪ್ರಮುಖರು.

ಶಿಕ್ಷಣ ಮತ್ತು ಆರಂಭಿಕ ವೃತ್ತಿ

ಉಡುಪರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಅಲ್ಲಿ ಆಯುರ್ವೇದದೊಂದಿಗೆ ಆಧುನಿಕ ವೈದ್ಯಶಾಸ್ತ್ರವನ್ನೂ ಬೋಧಿಸಲಾಗುತ್ತಿತ್ತು. ಅನಂತರ ಉತ್ತರ ಅಮೆರಿಕಕ್ಕೆ ತೆರಳಿ ಶಸ್ತ್ರಚಿಕಿತ್ಸೆಯಲ್ಲಿ ಉನ್ನತ ತರಬೇತಿ ಪಡೆದು, ಕೆನಡಾದ ಎಫ್.ಆರ್.ಸಿ.ಎಸ್. ಪದವಿ ಗಳಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಹಿಮಾಚಲ ಪ್ರದೇಶದಲ್ಲಿ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸಿದರು.

ಉಡುಪ ಸಮಿತಿ

ದೇಶದಲ್ಲಿ ಆಯುರ್ವೇದದ ಸ್ಥಿತಿಗತಿಯನ್ನು ಪರಿಶೀಲಿಸಲು ಭಾರತ ಸರ್ಕಾರವು 1958ರಲ್ಲಿ ಇವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಶಿಕ್ಷಣ, ಸಂಶೋಧನೆ, ವೃತ್ತಿ ಮತ್ತು ಔಷಧ ತಯಾರಿಕೆಗಳನ್ನು ಕುರಿತ ಇದರ ವರದಿಯು ಉಡುಪ ಸಮಿತಿಯ ವರದಿಯೆಂದೇ ಪ್ರಸಿದ್ಧವಾಗಿದೆ. ಮುಂದೆ ಉಡುಪರು ಬನಾರಸಿಗೆ ಹಿಂದಿರುಗಿದರು. ಅಲ್ಲಿಯ ಆಯುರ್ವೇದ ಕಾಲೇಜು 1960ರಲ್ಲಿ ವೈದ್ಯಕೀಯ ವಿಜ್ಞಾನಗಳ ಕಾಲೇಜಾಗಿ ರೂಪಾಂತರಗೊಂಡಿತು. 1971ರಲ್ಲಿ ಅದು ಸಂಸ್ಥೆಯ ಮಟ್ಟಕ್ಕೇರಿತು.

ಮಂಗರಬಳ್ಳಿಯ ಅಧ್ಯಯನ

ಪಾರಂಪರಿಕ ಚಿಕಿತ್ಸೆಯನ್ನು ನಂಬಿಕೆಯ ಆಧಾರದಿಂದ ಒಪ್ಪದೆ, ಪೂರ್ವಗ್ರಹದಿಂದ ತಳ್ಳಿಹಾಕದೆ, ಅಳೆದು ನೋಡಬೇಕೆಂಬುದು ಉಡುಪರ ಸಂಶೋಧನಾ ಕ್ರಮವಾಗಿತ್ತು. ಮುರಿದ ಮೂಳೆ ಕೂಡಲು ಜನರು ಬಳಸುತ್ತಿದ್ದ ಮಂಗರಬಳ್ಳಿಯನ್ನು ಕುರಿತು ಇವರು ಸಹೋದ್ಯೋಗಿ ಜಿ. ಸಿ. ಪ್ರಸಾದ್ ಅವರೊಂದಿಗೆ 1960ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಇದಕ್ಕೆ ನಿದರ್ಶನ. ಮೂಳೆಯ ಬಲವನ್ನೂ ವಿಕಿರಣಶೀಲ ಕ್ಯಾಲ್ಸಿಯಂನ ಸಂಗ್ರಹವನ್ನೂ ಅಳೆದು ಆ ಬಳ್ಳಿಯ ಪರಿಣಾಮವನ್ನು ಪರೀಕ್ಷಿಸಲಾಯಿತು.

ಒತ್ತಡದ ಸಂಶೋಧನೆ

ಒತ್ತಡದ ಜೀವವಿಜ್ಞಾನಕ್ಕೆ ತಳಹದಿ ಹಾಕಿದವರು ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ಕೆನಡಾದಲ್ಲಿ ನೆಲೆಸಿದ್ದ ಹ್ಯಾನ್ಸ್ ಸೆಲ್ಯೆ. ಅಪಾಯ ಎದುರಾದಾಗ ಪ್ರಾಣಿಯ ಅಡ್ರಿನಲ್ ಗ್ರಂಥಿಯು ಅಡ್ರಿನಲಿನ್ ಸ್ರವಿಸುತ್ತದೆ. ಹೃದಯ ಬಡಿತ ಏರುತ್ತದೆ, ಜೀರ್ಣಕ್ರಿಯೆ ಕುಂದುತ್ತದೆ, ಸ್ನಾಯುಗಳು ಹೋರಾಟಕ್ಕೆ ಅಥವಾ ಓಟಕ್ಕೆ ಸಜ್ಜಾಗುತ್ತವೆ. ಜೊತೆಗೆ ಮೆದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿಯ ಪ್ರಚೋದನೆಯಿಂದ ಕಾರ್ಟಿಸೋಲ್‌ನಂಥ ಹಾರ್ಮೋನು ಬಿಡುಗಡೆಯಾಗಿ ರಕ್ತದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸುತ್ತದೆ. ಹುಲಿಯಿಂದ ಪಾರಾದ ಜಿಂಕೆಯಲ್ಲಿ ಈ ಸ್ಥಿತಿ ಬೇಗನೆ ಶಮನವಾಗುತ್ತದೆ. ಮನುಷ್ಯನಲ್ಲಾದರೋ ಸಾಲ, ಕಲಹ, ಉದ್ಯೋಗದ ಭೀತಿ ಮುಂತಾದ ಚಿಂತೆಗಳು ಅದನ್ನು ತಿಂಗಳುಗಟ್ಟಲೆ ಜೀವಂತವಾಗಿರಿಸಬಲ್ಲವು. ಒತ್ತಡಕ್ಕೊಳಗಾದ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿ ಹಿಗ್ಗಿ, ಥೈಮಸ್ ಗ್ರಂಥಿ ಕುಗ್ಗಿ, ಜಠರದಲ್ಲಿ ಹುಣ್ಣಾಗುವುದನ್ನು ಸೆಲ್ಯೆ 1936ರಲ್ಲಿ ಪ್ರಕಟಿಸಿದ್ದರು.

ಇಂಥ ಹಾನಿಯ ಕೊನೆಯ ಹಂತದಲ್ಲಿಯೇ ರೋಗಿ ಶಸ್ತ್ರವೈದ್ಯನ ಬಳಿಗೆ ಬರುತ್ತಾನೆ. ಅದಕ್ಕೂ ಮುಂಚೆ ದೇಹದಲ್ಲಿ ಏನು ನಡೆದಿರುತ್ತದೆ ಎಂಬುದೇ ಉಡುಪರ ಸಂಶೋಧನೆಯ ಪ್ರಶ್ನೆ. ಒತ್ತಡಜನ್ಯ ರೋಗದ ಬೆಳವಣಿಗೆಯನ್ನು ಅವರು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲನೆಯ ಮಾನಸಿಕ ಹಂತದಲ್ಲಿ ಉದ್ವೇಗ, ನಿದ್ರಾಹೀನತೆಗಳಿರುತ್ತವೆ. ಎರಡನೆಯ ಮನೋದೈಹಿಕ ಹಂತದಲ್ಲಿ ಎದೆಬಡಿತ, ರಕ್ತದೊತ್ತಡದ ಏರಿಳಿತಗಳು ಸೇರಿಕೊಳ್ಳುತ್ತವೆ. ಮೂರನೆಯ ದೈಹಿಕ ಹಂತದಲ್ಲಿ ಒಂದು ನಿರ್ದಿಷ್ಟ ಅಂಗದ ಕಾರ್ಯ ಕೆಡುತ್ತದೆ. ಕೊನೆಯ ಹಂತದಲ್ಲಿ ಆ ಅಂಗದ ರಚನೆಯೇ ಹಾನಿಗೊಳ್ಳುತ್ತದೆ. ಮೊದಲ ಹಂತಗಳಲ್ಲಿಯೇ ಯೋಗಾಭ್ಯಾಸ ಹೆಚ್ಚು ಫಲಕಾರಿ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇದನ್ನು ಪರೀಕ್ಷಿಸಲು ಆರ್. ಎಚ್. ಸಿಂಗ್ ಮೊದಲಾದವರೊಂದಿಗೆ ಆಸನ ಮತ್ತು ಪ್ರಾಣಾಯಾಮಗಳ ಪರಿಣಾಮವನ್ನು ಆರೋಗ್ಯವಂತರಲ್ಲಿ ಅಧ್ಯಯನ ಮಾಡಿ, 1975ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅಸಿಟೈಲ್‌ಕೊಲೀನ್, ಕ್ಯಾಟೆಕೊಲಮಿನ್, ಹಿಸ್ಟಮಿನ್, ಕಾರ್ಟಿಸೋಲ್ ಮುಂತಾದ ರಾಸಾಯನಿಕಗಳ ಪ್ರಮಾಣವನ್ನು ಅಳೆಯುವುದು ಈ ಸಂಶೋಧನಾ ಸರಣಿಯ ಮುಖ್ಯ ವಿಧಾನವಾಗಿತ್ತು. ಆದರೆ ಆರೋಗ್ಯವಂತರಲ್ಲಿ ಕಂಡುಬರುವ ಇಂಥ ಬದಲಾವಣೆಗಳಷ್ಟರಿಂದಲೇ ಯೋಗವು ರೋಗವನ್ನು ಗುಣಪಡಿಸುತ್ತದೆಂದು ಸಾಧಿಸಲಾಗದು. ಅದಕ್ಕೆ ರೋಗಿಗಳ ದೊಡ್ಡ ಗುಂಪುಗಳಲ್ಲಿ, ಹೋಲಿಕೆಯ ಗುಂಪಿನೊಂದಿಗೆ ನಡೆಸುವ ಪರೀಕ್ಷೆಗಳು ಅಗತ್ಯ. ಹಾಗಿದ್ದರೂ ಯೋಗದ ಪರಿಣಾಮವನ್ನು ಅಳತೆಗೆ ಒಳಪಡಿಸಬಹುದೆಂಬ ದಾರಿಯನ್ನು ಉಡುಪರ ತಂಡ ತೋರಿಸಿತು.

ಗ್ರಂಥ ಮತ್ತು ಸ್ಮರಣೆ

ಈ ಅಧ್ಯಯನಗಳ ಸಾರವನ್ನು ಉಡುಪರು 'ಸ್ಟ್ರೆಸ್ ಅಂಡ್ ಇಟ್ಸ್ ಮ್ಯಾನೇಜ್‌ಮೆಂಟ್ ಬೈ ಯೋಗ' ಎಂಬ ಇಂಗ್ಲಿಷ್ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ. ಇದನ್ನು ಮೋತಿಲಾಲ್ ಬನಾರಸಿದಾಸ್ ಸಂಸ್ಥೆ ಪ್ರಕಟಿಸಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಭಾಂಗಣಕ್ಕೆ ಇವರ ಹೆಸರನ್ನಿಡಲಾಗಿದೆ.