ತಾರೆಗಳ ಅಧ್ಯಯನಕ್ಕೆ ನೆಲೆ ಕಟ್ಟಿದ ಬಪ್ಪು

ಬೆಳಗಾವಿಯ ಮಹಾಂತೇಶ ನಗರದಲ್ಲಿ ನಮ್ಮ ನೆರೆಮನೆಯ ಹುಡುಗಿ ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ತಾರೆಗಳು ಪ್ಲಾಸ್ಮಾವನ್ನು ಹೊರಚಿಮ್ಮಿಸುವಾಗ ಅವುಗಳ ಕಾಂತಕ್ಷೇತ್ರ ಅದಕ್ಕೆ ಪ್ರೇರಕವೋ ಅಥವಾ ತಡೆಯೋ ಎಂಬುದು ಅವಳ ಸಂಶೋಧನಾ ಯೋಜನೆಯ ವಿಷಯ. ದೊಡ್ಡ ದೂರದರ್ಶಕವಿಲ್ಲದ ಊರಿನಲ್ಲಿ ಕುಳಿತು ಇಂಥ ಕೆಲಸ ಮಾಡುವುದರಲ್ಲಿ ಅರ್ಥವಿದೆಯೇ ಎಂದು ಒಂದು ಸಂಜೆ ಅವಳು ಕೇಳಿದಳು. ವಿಷಯವನ್ನೇ ಬದಲಿಸುವ ಯೋಚನೆಯಲ್ಲಿದ್ದಳು. ಆಗ ನನಗೆ ನೆನಪಾದವರು ಖಗೋಳ ವಿಜ್ಞಾನಿ ವೈನು ಬಪ್ಪು.

1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದ ಬಪ್ಪು ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದುದರಿಂದ ದೂರದರ್ಶಕ ಅವರಿಗೆ ಎಳವೆಯ ಒಡನಾಡಿ. ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್ ಸೇರಿದ ಕೆಲವೇ ತಿಂಗಳಲ್ಲಿ, 1949ರಲ್ಲಿ, ತಾವು ತೆಗೆದ ಆಕಾಶದ ಛಾಯಾಚಿತ್ರದಲ್ಲಿ ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಅದು ಇಂದಿಗೂ ಬಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು.

ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಓಲಿನ್ ವಿಲ್ಸನ್ ಜೊತೆ ತಾರೆಗಳ ಬೆಳಕನ್ನು ಅಭ್ಯಸಿಸಿದರು. ತಾರೆಯ ವರ್ಣಗೋಳದಿಂದ ಹೊಮ್ಮುವ ಕ್ಯಾಲ್ಸಿಯಂ ರೇಖೆಯ ಅಗಲಕ್ಕೂ ತಾರೆಯ ನಿಜವಾದ ಪ್ರಕಾಶಕ್ಕೂ ನೇರ ಸಂಬಂಧವಿದೆಯೆಂದು 1957ರಲ್ಲಿ ಇಬ್ಬರೂ ತೋರಿಸಿದರು. ಇದೇ ವಿಲ್ಸನ್-ಬಪ್ಪು ಪರಿಣಾಮ. ಆ ಕ್ಯಾಲ್ಸಿಯಂ ಬೆಳಕಿನ ಪ್ರಖರತೆ ತಾರೆಯ ಕಾಂತೀಯ ಚಟುವಟಿಕೆಯ ಸೂಚಿಯೂ ಹೌದು. ಸೂರ್ಯನಂತೆ ಇತರ ತಾರೆಗಳಲ್ಲೂ ಚಟುವಟಿಕೆಯ ಏರಿಳಿತಗಳಿವೆಯೆಂದು ವಿಲ್ಸನ್ ಮುಂದೆ ಕಂಡುಕೊಂಡದ್ದು ಇದೇ ಕ್ಯಾಲ್ಸಿಯಂ ರೇಖೆಗಳಿಂದ.

ಅಮೆರಿಕದಲ್ಲಿ ಉಳಿದಿದ್ದರೆ ಜಗತ್ತಿನ ಅತಿದೊಡ್ಡ ದೂರದರ್ಶಕಗಳು ಬಪ್ಪು ಅವರ ಕೈಗೆಟುಕುತ್ತಿದ್ದವು. ಆದರೆ ಅವರು 1953ರಲ್ಲೇ ಸ್ವದೇಶಕ್ಕೆ ಮರಳಿದರು. ನೈನಿತಾಲಿನ ವೀಕ್ಷಣಾಲಯವನ್ನು ಬೆಳೆಸಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯಕ್ಕೆ ನೆಲ ಹುಡುಕಿದರು. 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡ ಭಾರತೀಯ ಖಭೌತ ಸಂಸ್ಥೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು.

2.34 ಮೀಟರ್ ವ್ಯಾಸದ ದೂರದರ್ಶಕವನ್ನು ದೇಶದಲ್ಲೇ ನಿರ್ಮಿಸುವುದು ಅವರ ದೊಡ್ಡ ಕನಸಾಗಿತ್ತು. ಅದು ಪೂರ್ಣಗೊಳ್ಳುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, 1982ರ ಆಗಸ್ಟ್ 19ರಂದು, ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 55 ವರ್ಷ. 1986ರಲ್ಲಿ ಆ ದೂರದರ್ಶಕಕ್ಕೆ ಅವರ ಹೆಸರನ್ನೇ ಇಡಲಾಯಿತು.

2023ರಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ಲಾಸ್ಮಾ ಚಿಮ್ಮುವಿಕೆಯನ್ನು ಗಮನಿಸುವ ಕಿರೀಟದರ್ಶಕವನ್ನು ನಿರ್ಮಿಸಿದ್ದು ಬಪ್ಪು ಕಟ್ಟಿದ ಸಂಸ್ಥೆಯೇ. ಕೊಡೈಕನಾಲಿನ ಶತಮಾನದ ಸೂರ್ಯಚಿತ್ರಗಳು, ಆದಿತ್ಯದ ದತ್ತಾಂಶಗಳು ಇಂದು ಮಹಾಂತೇಶ ನಗರದ ಓದುಮೇಜಿಗೂ ಅಂತರ್ಜಾಲದ ಮೂಲಕ ತಲುಪುತ್ತವೆ.

ಈ ಕಥೆ ಕೇಳಿದ ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಅವಳ ತಂದೆ ಹೇಳಿದರು: ವಿಷಯ ಬದಲಾಗಿಲ್ಲವಂತೆ. ಒಬ್ಬರು ತಾವು ಬಳಸಲಾಗದ ದೂರದರ್ಶಕಕ್ಕಾಗಿ ಆಯುಷ್ಯ ಸವೆಸಿದ್ದು ಇಂಥ ವಿದ್ಯಾರ್ಥಿಗಳಿಗಾಗಿಯೇ ಅಲ್ಲವೇ?